ಸುಳ್ಯಕ್ಕೆ ಹೋದ ಆಮೆ

ಮೊನ್ನೆ ರೇಶನ್ ಕಾರ್ಡು ಹುಡುಕುತ್ತಿದ್ದೆ. ನಾನು ಏನನ್ನಾದರೂ ಹುಡುಕಲು ಹೊರಟರೆ ಅದೊಂದನ್ನು ಬಿಟ್ಟು ಉಳಿದದ್ದೆಲ್ಲ ಸಿಗುತ್ತದೆ. ಇದು ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತಿರುವ ವಿಷಯ. ಹಾಗೆ ಅಂದು ಸಿಕ್ಕಿದ್ದು ನನ್ನ ಅಮ್ಮನ ಡ್ರೈವಿಂಗ್ ಲೈಸೆನ್ಸು. ಅಂಗೈಯಗಲದ ಪುಸ್ತಕ, ಬಟ್ಟೆಯ ರಟ್ಟು, ಒಳಗೆ ಅಮ್ಮನ ಫೋಟೋ. ಹಾಲಿನ ಪಾತ್ರೆಯ ಹತ್ತಿರ ಬಂದ ಬೆಕ್ಕನ್ನು ನೋಡುವಂತೆ ಅವಳು ಕ್ಯಾಮರಾವನ್ನು ನೋಡುತ್ತಿದ್ದಾಳೆ. ಬೇರೆಯವರಿಗೆ ಅಮ್ಮಂದಿರ ಪೆಟ್ಟಿಗೆಯಲ್ಲಿ ಬಳೆ, ಬೆಂಡೋಲೆ ಸಿಗುತ್ತವಂತೆ. ನನಗೆ ಸಿಕ್ಕಿದ್ದು ಇದು. ರೇಶನ್ ಕಾರ್ಡಿನ ವಿಚಾರ ಮರೆತು ಅಲ್ಲೇ ನೆಲದಲ್ಲಿ ಕೂತುಬಿಟ್ಟೆ.

ನನ್ನ ಅಮ್ಮ ಕಾರು ಬಿಡುತ್ತಿದ್ದಳು. ಬಿಡುವುದೆಂದರೆ ನಮ್ಮ ಕಡೆ ಓಡಿಸುವುದು. ಘಟ್ಟದ ಮೇಲಿನಿಂದ ಬಂದ ನನ್ನ ಸೊಸೆಗೆ ಇದು ಗೊತ್ತಿರದೆ, "ಯಾಕತ್ತೆ, ಎಲ್ಲಿ ಬಿಟ್ಟುಬಿಟ್ರು?" ಎಂದು ಮರುಕದಿಂದ ಕೇಳಿದ್ದಳು. ಐವತ್ತರ ದಶಕದಲ್ಲಿ, ಕಡಬದ ಹತ್ತಿರದ ಕೋಡಿಂಬಾಳದಲ್ಲಿ, ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಒಬ್ಬಳು ಹೆಂಗಸು ಕಾರು ಬಿಡುತ್ತಿದ್ದಳೆಂದರೆ ಈಗ ನಂಬುವುದು ಕಷ್ಟ. ಆಗಲೂ ಕಷ್ಟವೇ ಆಗಿತ್ತು. ಕಣ್ಣಾರೆ ಕಂಡವರೂ ಮನೆಗೆ ಹೋಗಿ, "ಡ್ರೈವರ್ ಕೆಳಗೆ ಬಗ್ಗಿ ಕೂತಿರಬೇಕು" ಎನ್ನುತ್ತಿದ್ದರಂತೆ.

ಕಾರು ತಂದದ್ದು ಅಪ್ಪ. ಮಡಿಕೇರಿಯ ಕಡೆಯ ಕಾಫಿ ತೋಟದ ದೊರೆಯೊಬ್ಬ ತನ್ನ ದೇಶಕ್ಕೆ ಹೊರಟಾಗ ಸಾಮಾನೆಲ್ಲ ಮಾರುತ್ತಿದ್ದಾನೆಂದು ಸುದ್ದಿ ಬಂತು. ಗೋದ್ರೆಜಿನಂಥ ಗಟ್ಟಿ ಕಪಾಟು ಸಿಕ್ಕೀತೇನೋ ಎಂದು ಹೋದ ಅಪ್ಪ ಕಾರಿನಲ್ಲಿ ಬಂದಿಳಿದರು. ಕಪ್ಪು ಹಸಿರು ಬಣ್ಣ, ಗುಂಡು ಬೆನ್ನು, ತಗ್ಗು ಮೂತಿ. ಅದು ಅಂಗಳಕ್ಕೆ ಬಂದ ಮೊದಲ ದಿನವೇ ಯಾರೋ "ಆಮೆ" ಎಂದರು. ಆ ಹೆಸರೇ ನಿಂತಿತು. ಅಮ್ಮ ಮಾತ್ರ ಕೊನೆಯ ತನಕ ಅದನ್ನು "ಗಾಡಿ" ಎಂದೇ ಕರೆದಳು.

ಅದನ್ನು ಘಟ್ಟ ಇಳಿಸಿ ತಂದವರು ಪೊಡಿಯಬ್ಬ. ಪುತ್ತೂರಿನ ದಾರಿಯಲ್ಲಿ ಬಹಳ ವರ್ಷ ಬಸ್ಸು ಬಿಟ್ಟು ಸಾಕಾಗಿ ಮನೆಯಲ್ಲಿದ್ದ ಬ್ಯಾರಿ ಮುಸ್ಲಿಂ ಡ್ರೈವರು. ಅಪ್ಪನಿಗೆ ಕಲಿಸಿಕೊಡಲು ಒಂದು ವಾರ ಬಂದು ಹೋಗುವುದೆಂದು ಮಾತಾಗಿತ್ತು. ಮೊದಲ ದಿನ ಅಪ್ಪ ಬೈಹುಲ್ಲಿನ ರಾಶಿಗೆ ಹೋದರು. ಎರಡನೆಯ ದಿನ ದನಗಳಿಗೆ ನೀರಿಡುವ ಕಲ್ಲಿನ ಮರಿಗೆಗೆ. ಮೂರನೆಯ ದಿನ ತೆಂಗಿನ ಮರ ಎದುರಿಗೆ ಬರುವಾಗ ಗಾಬರಿಯಾಗಿ ಸ್ಟಿಯರಿಂಗನ್ನು ಹಿಂದಕ್ಕೆ ಜಗ್ಗಿ "ಹೋ, ಹೋ" ಎಂದು ಕೂಗಿದರು.

ಪೊಡಿಯಬ್ಬ ಇಳಿದು, ಮರದ ಬುಡ ನೋಡಿ, ಸಮಾಧಾನದಿಂದ ಹೇಳಿದರು: "ಧಣಿ, ಅದಕ್ಕೆ ಕಿವಿ ಇಲ್ಲ. ಕಾಲಲ್ಲೇ ಹೇಳ್ಬೇಕು."

ಜಗಲಿಯಲ್ಲಿ ದೋಸೆಗೆ ಅಕ್ಕಿ ಆರಿಸುತ್ತಿದ್ದ ಅಮ್ಮ ಅಲ್ಲಿಂದಲೇ ಅಂದಳು: "ಮೊದಲು ಎಡದ ಕಾಲು ಒತ್ತಬೇಕು ಮಾರಾಯ್ರೆ. ನೀವು ಎರಡನ್ನೂ ಒಟ್ಟಿಗೆ ಒತ್ತುದು."

"ಅಷ್ಟು ಗೊತ್ತಿದ್ದರೆ ನೀನೇ ಬಿಡು" ಎಂದರು ಅಪ್ಪ. ಹೆಂಡತಿಗೆ ಹೇಳುವ ಮಾತು. ಅದನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.

ಅಮ್ಮ ಗೆರಸೆ ಕೆಳಗಿಟ್ಟು, ಕೈ ಒರೆಸಿಕೊಂಡು, ಅಂಗಳಕ್ಕಿಳಿದು, "ಆಗಬಹುದು" ಎಂದು ಹತ್ತಿ ಕೂತಳು. ಪೊಡಿಯಬ್ಬ ಅಪ್ಪನ ಮುಖ ನೋಡಿದರು. ಅಪ್ಪ ಆಕಾಶ ನೋಡಿದರು. ಕಾರು ಒಮ್ಮೆ ಮುಗ್ಗರಿಸಿ, ಮತ್ತೆ ಸಾವರಿಸಿಕೊಂಡು, ತೆಂಗಿನ ಮರಕ್ಕೆ ಒಂದು ಸುತ್ತು ಬಂದು ಹೊರಟಲ್ಲಿಗೇ ಬಂದು ನಿಂತಿತು. ಆಗ ನನಗೆ ಐದೋ ಆರೋ ವರ್ಷ. ಆ ಸುತ್ತು ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ.

ಅಮ್ಮ ಗಿಡ್ಡ. ಎದುರಿನ ದಾರಿ ಕಾಣಬೇಕೆಂದರೆ ಸೀಟಿನ ಮೇಲೆ ಊಟದ ಮಣೆ ಇಟ್ಟು, ಅದರ ಮೇಲೆ ಕಂಬಳಿ ಮಡಚಿಟ್ಟು ಕೂರಬೇಕಿತ್ತು. ಚಪ್ಪಲಿ ಹಾಕುತ್ತಿರಲಿಲ್ಲ. ಪಾದಕ್ಕೆ ಗೊತ್ತಾಗಬೇಕು ಎನ್ನುತ್ತಿದ್ದಳು. ಪೊಡಿಯಬ್ಬ ಒಂದು ವಾರ ಎಂದವರು ಒಂದು ತಿಂಗಳು ಬಂದರು. ಕೊನೆಯ ದಿನ ನೆಲ್ಯಾಡಿಯ ಕಡೆಯ ಏರಿನಲ್ಲಿ ಅಮ್ಮ ಗೇರು ಬದಲಿಸಿದ್ದು ಅವರ ಕಿವಿಗೆ ಕೇಳಿಸಲೇ ಇಲ್ಲವಂತೆ. "ಇನ್ನು ನಾನು ಬರುದು ಬೇಡ ಅಮ್ಮ" ಎಂದು ಹೇಳಿ, ಬಾಳೆಗೊನೆಯೊಂದನ್ನು ಹೊತ್ತುಕೊಂಡು ಹೋದರು.

ಲೈಸೆನ್ಸಿಗೆ ಮಂಗಳೂರಿಗೆ ಹೋದ ಕಥೆಯನ್ನು ಅಪ್ಪ ಬಂದವರಿಗೆಲ್ಲ ಹೇಳುತ್ತಿದ್ದರು. ಆಫೀಸರು ಹೊರಗೆ ಬಂದು ಅಪ್ಪನಿಗೆ, "ಹತ್ತಿ ಕೂತುಕೊಳ್ಳಿ" ಎಂದರಂತೆ. ಅಪ್ಪ ಕೈ ಮುಗಿದು, "ನಾನಲ್ಲ ಸ್ವಾಮಿ, ಇವಳು. ನಾನು ಹತ್ತಿದರೆ ನಿಮ್ಮ ಆಫೀಸಿನ ಗೋಡೆ ಉಳಿಯುದಿಲ್ಲ" ಎಂದರಂತೆ. ಆಫೀಸರು ಮಣೆಯನ್ನು ನೋಡಿದರು, ಅಮ್ಮನನ್ನು ನೋಡಿದರು, ಪಕ್ಕದಲ್ಲಿ ಹತ್ತಿ ಕೂತರು. ಹಿಂದಕ್ಕೆ ಬಿಡಲು ಹೇಳಿದರು. ಅಮ್ಮ ಹಿಂದಕ್ಕೆ ಬಿಟ್ಟಳು. ಏರಿನಲ್ಲಿ ನಿಲ್ಲಿಸಿ ಹೊರಡಿಸಲು ಹೇಳಿದರು. ಅಮ್ಮ ಹೊರಡಿಸಿದಳು. ಕೊನೆಗೆ, "ನೀವು ಯಾಕೆ ಕಲಿತದ್ದು?" ಎಂದು ಕೇಳಿದರು.

"ಮನೆಯಲ್ಲಿ ಗಾಡಿ ಇತ್ತು" ಎಂದಳು ಅಮ್ಮ.

ನಮ್ಮ ಅಜ್ಜಿಗೆ ಮೊದಲು ಸಿಟ್ಟು ಬಂದಿತ್ತು. "ಹೆಂಗಸು ಮುಂದೆ ಕೂತು ಗಂಡಸರನ್ನು ಊರೂರು ಕರ್ಕೊಂಡು ಹೋಗುದಾ?" ಎಂದು ನಾಲ್ಕು ದಿನ ಮಾತು ಬಿಟ್ಟರು. ಐದನೆಯ ದಿನ ಅಮ್ಮ ಪುತ್ತೂರಿಗೆ ಹೊರಟಾಗ ಕಂಬದ ಮರೆಯಿಂದ, "ಹೇಗೂ ಹೋಗುದಲ್ವಾ, ನನ್ನ ಕನ್ನಡಕದ ಕಾಲು ಮುರಿದಿದೆ" ಎಂದರು. ಅಮ್ಮ, "ನಿಮ್ಮ ಮುಖಕ್ಕೆ ಇಟ್ಟು ನೋಡ್ಬೇಕಾಗ್ತದೆ, ನೀವೂ ಬನ್ನಿ" ಎಂದಳು. ಅಜ್ಜಿ ಹೋದರು. ಆಮೇಲೆ ಅವರು ಬಸ್ಸು ಹತ್ತಲಿಲ್ಲ.

ಇಷ್ಟೆಲ್ಲ ಹೆಮ್ಮೆಯಿಂದ ಬರೆಯುತ್ತಿರುವ ನಾನು ಆಗ ಎಂಥವಳಾಗಿದ್ದೆ ಎಂಬುದನ್ನೂ ಹೇಳಿಬಿಡುತ್ತೇನೆ. ಹೈಸ್ಕೂಲಿಗೆ ಸೇರಿದ ಮೇಲೆ ನನಗೆ ಅಮ್ಮನ ಕಾರೆಂದರೆ ನಾಚಿಕೆ. ಬೇರೆಯವರ ಅಮ್ಮಂದಿರು ಮನೆಯಲ್ಲಿರುತ್ತಿದ್ದರು. ನನ್ನ ಅಮ್ಮ ಮಣೆಯ ಮೇಲೆ ಕೂತು, ಹಾರ್ನು ಹಾಕುತ್ತ, ಕಡಬದ ಪೇಟೆಯ ನಡುವೆ ಬರುತ್ತಿದ್ದಳು. ಹುಡುಗರು "ಆಮೆ ಬಂತು" ಎಂದು ಕೂಗುತ್ತಿದ್ದರು. ನಾನು ಶಾಲೆಗೆ ಎರಡು ಫರ್ಲಾಂಗು ಇರುವಾಗಲೇ, "ಇಲ್ಲೇ ಇಳೀತೇನೆ, ನಡೆದರೆ ಒಳ್ಳೆದು" ಎನ್ನುತ್ತಿದ್ದೆ. ನಡೆಯುವುದೆಂದರೆ ಆಗದ ನಾನು. ಅಮ್ಮ ಒಂದು ದಿನವೂ ಯಾಕೆಂದು ಕೇಳಲಿಲ್ಲ. ನಿಲ್ಲಿಸಿ, ನಾನು ಇಳಿದ ಮೇಲೆ ಅಲ್ಲಿಂದಲೇ ತಿರುಗಿಸಿಕೊಂಡು ಹೋಗುತ್ತಿದ್ದಳು.

ನಾನು ಹನ್ನೊಂದನೆಯ ತರಗತಿಗೆ, ಅಂದರೆ ಆಗಿನ ಎಸ್ಸೆಸ್ಸೆಲ್ಸಿಗೆ, ಬರುವಷ್ಟರಲ್ಲಿ ಆಮೆಗೆ ವಯಸ್ಸಾಗಿತ್ತು. ಅದರ ಜಾತಿಯ ಬೇರೆ ಕಾರುಗಳು ಒಂದೊಂದಾಗಿ ರಸ್ತೆಯಿಂದ ಮರೆಯಾಗಿದ್ದವು. ಕಬಕದಲ್ಲಿ ಲಿಗೋರಿ ಎಂಬ ಕಾರು ರಿಪೇರಿಯ ಮೇಸ್ತ್ರಿ ಇದ್ದರು. ಅವರೊಬ್ಬರಿಗೇ ಅದರ ಹೊಟ್ಟೆಯೊಳಗಿನ ಸಂಗತಿ ಗೊತ್ತಿದ್ದದ್ದು. ಆ ವರ್ಷ ಅವರು ಕೈಗೆ ಮೆತ್ತಿದ ಗ್ರೀಸನ್ನು ಒರೆಸಿಕೊಳ್ಳುತ್ತ ಅಮ್ಮನಿಗೆ ಹೇಳಿದರು:

"ಈ ಸಲ ಹೇಗೋ ಕೂರಿಸಿದ್ದೇನೆ ಅಮ್ಮ. ಗೇರಿನ ಹಲ್ಲು ಇನ್ನೊಮ್ಮೆ ಹೋದರೆ ನನ್ನ ಕೈಯಲ್ಲಿ ಆಗುದಿಲ್ಲ. ಸಾಮಾನು ಬರುದಿಲ್ಲ. ಗುಜರಿಗೇ ಹಾಕ್ಬೇಕಷ್ಟೆ."

ಗುಜರಿ ಎಂಬ ಮಾತು ಅಮ್ಮನಿಗೆ ತಾಗಿತು. ಮನೆಗೆ ಬಂದು ಅಪ್ಪನ ಹತ್ತಿರ, "ಅದು ಓಡುವಾಗಲೇ ಯಾರಿಗಾದರೂ ಕೊಡ್ಬೇಕು. ಬಿದ್ದ ಮೇಲೆ ಕೊಡುದಲ್ಲ" ಎಂದಳು. ಸುಳ್ಯದ ಆಚೆ ಕುಶಾಲಪ್ಪ ಗೌಡರೆಂಬ ಕೃಷಿಕರಲ್ಲಿ ಇಂಥದ್ದೇ ಇನ್ನೊಂದು ಕಾರು ಕೆಟ್ಟು ಕೊಟ್ಟಿಗೆಯಲ್ಲಿ ನಿಂತಿದೆ, ಎರಡರಿಂದ ಒಂದನ್ನು ಮಾಡುವ ಯೋಚನೆ ಅವರಿಗೆ ಉಂಟು ಎಂದು ಲಿಗೋರಿಯೇ ಹೇಳಿ ಕಳಿಸಿದರು. ಗೌಡರು ಬಂದು ನೋಡಿದರು. ಬಾಗಿಲು ತೆರೆದು ಮುಚ್ಚಿದರು. "ಹೀಗೇ ಕೊಡಿ. ಇನ್ನು ಹೆಚ್ಚು ಓಡಿಸ್ಬೇಡಿ" ಎಂದರು. ಅಮ್ಮ ಆಗಲಿ ಎಂದು ಮಾತು ಕೊಟ್ಟಳು. ಕಾರನ್ನು ತೊಳೆದು, ಹಳೆಯ ಸೀರೆ ಹೊದೆಸಿ ನಿಲ್ಲಿಸಿದಳು.

ಒಪ್ಪಿಸುವ ದಿನವನ್ನು ಅಪ್ಪ ಪಂಚಾಂಗ ನೋಡಿ ಬರೆದು ತಿಳಿಸಿದರು. ಪಂಚಾಂಗದಲ್ಲಿ ಎಸ್ಸೆಸ್ಸೆಲ್ಸಿ ಇರುವುದಿಲ್ಲ. ಹಾಗಾಗಿ ಗೌಡರು ಬರುವ ದಿನವೂ ನಮ್ಮ ಪಬ್ಲಿಕ್ ಪರೀಕ್ಷೆಯ ಮೊದಲ ದಿನವೂ ಒಂದೇ ಆಯಿತು.

ಪರೀಕ್ಷೆಯ ಕೇಂದ್ರ ಪುತ್ತೂರು. ಹುಡುಗರೆಲ್ಲ ಅಲ್ಲಿ ಇಲ್ಲಿ ಬಿಡಾರ ಹೂಡಿದ್ದರು. ನಾವು ಹುಡುಗಿಯರು ಐದು ಜನ. ಬೆಳಗಿನ ಬಸ್ಸಿನಲ್ಲಿ ಹೋಗಿ ಸಂಜೆ ಬರುವುದೆಂದು ಹೆಡ್ ಮಾಸ್ಟರೇ ನಿಶ್ಚಯಿಸಿದ್ದರು. ಆ ದಿನ ಆರೂವರೆಗೆ ಬರಬೇಕಾದ ಬಸ್ಸು ಏಳಕ್ಕೂ ಬರಲಿಲ್ಲ. ಏಳೂಕಾಲಿಗೆ ಸೈಕಲ್ಲಿನಲ್ಲಿ ಬಂದ ಟಪಾಲಿನವರು, ಬಸ್ಸಿನ ಆಕ್ಸೆಲ್ ಮುರಿದು ತಿರುವಿನಲ್ಲಿ ಮಲಗಿದೆ ಎಂದರು. ಹತ್ತು ಗಂಟೆಗೆ ಪರೀಕ್ಷೆ. ನಮ್ಮಲ್ಲಿ ಅನ್ನಮ್ಮ ಎಂಬವಳಿದ್ದಳು. ಅವಳ ಅಪ್ಪ ಕೇರಳದಿಂದ ಬಂದು ರಬ್ಬರು ತೋಟ ಇಟ್ಟವರು. ಆ ಮನೆತನದಲ್ಲೇ ಅಲ್ಲಿಯವರೆಗೆ ಓದಿದವಳು ಅವಳೊಬ್ಬಳೇ. ಹಾಲ್ ಟಿಕೆಟನ್ನು ಎದೆಗೊತ್ತಿಕೊಂಡು ಅವಳು ಸದ್ದಿಲ್ಲದೆ ಅಳತೊಡಗಿದಳು. ನಾನು ಮನೆಗೆ ಓಡಿದೆ. ನಡೆಯುವುದೇ ಆಗದವಳು ಓಡಿದೆ ಎಂದರೆ ನೀವೇ ಊಹಿಸಿಕೊಳ್ಳಿ.

ಅಮ್ಮ ಪೂರ್ತಿ ಕೇಳಲಿಲ್ಲ. ಕಾರಿಗೆ ಹೊದೆಸಿದ್ದ ಸೀರೆ ಎಳೆಯತೊಡಗಿದಳು.

ಅಪ್ಪ ಗಾಬರಿಯಾದರು. "ಮಾತು ಕೊಟ್ಟ ಗಾಡಿ ಮಾರಾಯ್ತಿ. ಗೌಡರು ಇವತ್ತು ಬರ್ತಾರೆ. ದಾರಿಯಲ್ಲಿ ಎಂತಾದ್ರೂ ಆದರೆ?"

"ಗೌಡರಿಗೆ ನಾನು ಹೇಳ್ತೇನೆ. ಪರೀಕ್ಷೆಗೆ ಯಾರು ಹೇಳುದು?"

"ಅವರು ಬಂದರೆ ನಾನು ಎಂತ ಮಾಡುದು?"

"ಕಾಫಿ ಕೊಡಿ" ಎಂದು ಅಮ್ಮ ಹ್ಯಾಂಡಲ್ ಹಾಕಿ ತಿರುಗಿಸಿದಳು.

ಉಪ್ಪಿನಂಗಡಿಯ ಸುತ್ತು ದಾರಿಯಲ್ಲಿ ಹೋದರೆ ಹತ್ತು ಗಂಟೆಗೆ ತಲುಪುವ ಹಾಗಿರಲಿಲ್ಲ. ಬೇಸಗೆಯಲ್ಲಿ ಕುಮಾರಧಾರೆಯ ನೀರು ಇಳಿದಾಗ ಎತ್ತಿನ ಗಾಡಿಗಳು ಹೊಳೆಗೇ ಇಳಿದು ದಾಟುವ ಒಂದು ಕಡವು ಇತ್ತು. ಉಳಿದ ನಾಲ್ವರನ್ನೂ ಹತ್ತಿಸಿಕೊಂಡು ಅಮ್ಮ ಅತ್ತ ತಿರುಗಿಸಿದಳು. ದಡದಲ್ಲಿ ಕಾರು ನಿಲ್ಲಿಸಿ, ನಮ್ಮನ್ನೆಲ್ಲ ಇಳಿಸಿ, ಸೀರೆ ಎತ್ತಿಕಟ್ಟಿ ತಾನೇ ಮೊದಲು ನೀರಿಗಿಳಿದು ನಡುವಿನ ತನಕ ಹೋಗಿ ಬಂದಳು. ಮೊಣಕಾಲಿಗಿಂತ ಸ್ವಲ್ಪ ಮೇಲೆ ನೀರು. ದೋಣಿ ನಡೆಸುವ ಐತ ಮರಳಿನಲ್ಲಿ ಕೂತು ಬೀಡಿ ಸೇದುತ್ತಿದ್ದ. ಎದ್ದು ಬಂದ.

"ಕಾರು ಇಳಿಸುದಾ ಅಮ್ಮ? ಇಲ್ಲಿ ಯಾರೂ ಇಳಿಸಿದ್ದಿಲ್ಲ."

"ಇವರಿಗೆ ಹತ್ತು ಗಂಟೆಗೆ ಪರೀಕ್ಷೆ ಉಂಟು ಐತ."

ಐತ ನಮ್ಮನ್ನೂ ನಮ್ಮ ಕೈಯಲ್ಲಿದ್ದ ಇಂಕಿನ ಬಾಟಲಿಗಳನ್ನೂ ನೋಡಿ ಬೀಡಿ ಎಸೆದ. "ಬಲಬದಿಯಲ್ಲಿ ಹೊಂಡ ಉಂಟು. ನಾನು ಮುಂದೆ ನಡೀತೇನೆ. ನನ್ನ ಕಾಲಿನ ಹಿಂದೆಯೇ ಬನ್ನಿ. ನಿಲ್ಲಿಸ್ಬೇಡಿ."

ಇಂಜಿನಿಗೆ ನೀರು ರಾಚದಂತೆ ಅಮ್ಮ ಮುಂದಿನ ಜಾಲರಿಗೆ ಗೋಣಿ ಕಟ್ಟಿದಳು. ನಾವು ಐವರು ಲಂಗ ಎತ್ತಿಕೊಂಡು, ಪುಸ್ತಕ ತಲೆಯ ಮೇಲಿಟ್ಟು ಮೊದಲೇ ದಾಟಿದೆವು. ಆಚೆ ದಡದ ಮರಳಿನಲ್ಲಿ ಚಕ್ರ ಹೂಳದಂತೆ ತೆಂಗಿನ ಗರಿ ಹಾಸಲು ಅಮ್ಮ ಹೇಳಿದ್ದಳು. ಹಾಸಿ ತಿರುಗಿ ನೋಡಿದರೆ, ಹೊಳೆಯ ನಡುವೆ ಐತ ಕೋಲೂರಿಕೊಂಡು ನಿಧಾನಕ್ಕೆ ನಡೆದು ಬರುತ್ತಿದ್ದಾನೆ, ಅವನ ಹಿಂದೆ ಹಟ್ಟಿಗೆ ಬರುವ ದನದಂತೆ ನಮ್ಮ ಕಾರು ಬರುತ್ತಿದೆ. ಗಾಜಿನ ಹಿಂದೆ ಅಮ್ಮನ ಮುಖ. ಅವಳು ನಮ್ಮ ಕಡೆ ನೋಡುತ್ತಿರಲಿಲ್ಲ. ಐತನ ಬೆನ್ನಿನ ಮೇಲೆ ನೆಟ್ಟ ಕಣ್ಣು ಕದಲಲಿಲ್ಲ. ನನ್ನ ಪಕ್ಕದಲ್ಲಿದ್ದ ಅನ್ನಮ್ಮ ಅಳು ನಿಲ್ಲಿಸಿ ಬಾಯಿ ತೆರೆದುಕೊಂಡು ನಿಂತಿದ್ದಳು. "ನಿನ್ನ ಅಮ್ಮ" ಎಂದಳು. ಅಷ್ಟೇ ಅಂದಳು. ಎರಡು ಫರ್ಲಾಂಗು ಮೊದಲೇ ಇಳಿಯುತ್ತಿದ್ದ ನನಗೆ ಆ ಎರಡು ಶಬ್ದ ಸಾಕಾಯಿತು.

ದಡ ಹತ್ತಿದ ಮೇಲೆ ಕಾರು ಕೆಮ್ಮಿ ನಿಂತುಬಿಟ್ಟಿತು. ಅಮ್ಮ ಬಾನೆಟ್ ಎತ್ತಿ, ಒದ್ದೆಯಾದ ಪ್ಲಗ್ಗುಗಳನ್ನು ಬಿಚ್ಚಿ, ಸೆರಗಿನ ಒಣ ತುದಿಯಿಂದ ಒಂದೊಂದಾಗಿ ಒರೆಸಿದಳು. ಅವುಗಳನ್ನು ಅವಳು ಮತ್ತೆ ಕೂರಿಸುವುದನ್ನು ನಾನು ನೋಡಿದೆ. ಹ್ಯಾಂಡಲ್ ತಿರುಗಿಸಲು ಐತ ಮುಂದಾದ. ಮೂರು ಸಲ ಏನೂ ಇಲ್ಲ. ನಾಲ್ಕನೆಯ ಸಲಕ್ಕೆ ಇಂಜಿನು ಹಿಡಿದುಕೊಂಡಿತು.

ಹತ್ತಕ್ಕೆ ಎಂಟು ನಿಮಿಷ ಇರುವಾಗ ಪುತ್ತೂರಿನ ಶಾಲೆಯ ಗೇಟಿನ ಒಳಗೇ ಕಾರು ಹೋಗಿ ನಿಂತಿತು. ಅಂಗಳದಲ್ಲಿ ನೂರಾರು ಮಕ್ಕಳಿದ್ದರು. ನಾನು ಎಲ್ಲರಿಗಿಂತ ಕೊನೆಗೆ, ಬೇಕೆಂದೇ ನಿಧಾನವಾಗಿ ಇಳಿದೆ. ಅಂಚು ಒದ್ದೆಯಾದ ಲಂಗದಲ್ಲೇ ಕನ್ನಡ ಪರೀಕ್ಷೆ ಬರೆದೆ. ಐವರೂ ಪಾಸಾದೆವು. ಅನ್ನಮ್ಮನಿಗೆ ಶಾಲೆಗೇ ಹೆಚ್ಚು ಅಂಕ. ಕಡಿಮೆ ಯಾರಿಗೆಂದು ಕೇಳಬೇಡಿ.

ಸಂಜೆ ನಮ್ಮನ್ನು ಕರೆದುಕೊಂಡು ಉಪ್ಪಿನಂಗಡಿಯ ದಾರಿಯಲ್ಲೇ ಹಿಂದಿರುಗಿದಾಗ ಗೌಡರು ಜಗಲಿಯಲ್ಲಿ ಕೂತಿದ್ದರು. ಮಧ್ಯಾಹ್ನದಿಂದ ಅಪ್ಪ ಅವರಿಗೆ ಐದು ಸಲ ಕಾಫಿ ಕೊಟ್ಟಿದ್ದರಂತೆ. ಕಾರಿನ ಹೊಟ್ಟೆಯಿಡೀ ಕೆಸರು, ಜಾಲರಿಯಲ್ಲಿ ಇನ್ನೂ ಗೋಣಿ. ಅಮ್ಮ ಇಳಿದು ನೇರವಾಗಿ ಅವರ ಎದುರು ಹೋಗಿ ನಿಂತಳು.

"ಓಡಿಸುದಿಲ್ಲ ಅಂತ ಹೇಳಿದ್ದೆ. ಓಡಿಸಿದೆ. ಹೊಳೆಯನ್ನೂ ದಾಟಿಸಿದೆ. ನಿಮಗೆ ಬೇಡ ಅಂತ ಆದರೆ ನಾನು ಬೇಜಾರು ಮಾಡುದಿಲ್ಲ."

ಗೌಡರು ಅಂಗಳಕ್ಕಿಳಿದರು. ಕಾರಿನ ಸುತ್ತ ಒಮ್ಮೆ ನಡೆದರು. ಚಕ್ರಕ್ಕೆ ಅಂಟಿದ ಮರಳನ್ನು ಬೆರಳಿನಿಂದ ಕೆರೆದು ನೋಡಿದರು. ಹಿಂದಿನ ಸೀಟಿನಿಂದ ಒಬ್ಬೊಬ್ಬರಾಗಿ ಇಳಿಯುತ್ತಿದ್ದ ನಮ್ಮನ್ನು ಎಣಿಸಿದರು.

"ಇವರ ಪರೀಕ್ಷೆ ಇನ್ನು ಎಷ್ಟು ದಿನ ಉಂಟು?"

"ಇನ್ನು ಆರು ದಿನ."

"ಆ ಬಸ್ಸು ಸರಿಯಾಗ್ಲಿಕ್ಕೆ ವಾರ ಬೇಕಂತೆ. ಪೇಟೆಯಲ್ಲಿ ಹೇಳ್ತಿದ್ರು." ಅವರು ಜಗಲಿಯಿಂದ ಕೊಡೆ ತೆಗೆದುಕೊಂಡರು. "ಹಾಗಾದರೆ ನಾನು ಮುಗಿದ ಮೇಲೆ ಬರ್ತೇನೆ. ಹೊಳೆಗೆ ಮಾತ್ರ ಇನ್ನು ಬೇಡ ಅಮ್ಮ. ಸ್ವಲ್ಪ ಬೇಗ ಹೊರಡಿ."

ಗೌಡರು ಗೇಟು ದಾಟಿ ನಡೆದುಹೋಗುವುದನ್ನೇ ಅಮ್ಮ ನೋಡುತ್ತ ನಿಂತಳು. ಅಂಥ ಮನುಷ್ಯರೂ ಆಗ ಇದ್ದರು ಎಂದು ಬರೆದುಬಿಟ್ಟರೆ ಹಳಬರ ಗೊಣಗಾಟವೆನಿಸುತ್ತದೆ. ಈಗಲೂ ಇದ್ದಾರು. ನನಗೆ ಮತ್ತೊಬ್ಬರು ಸಿಕ್ಕಿಲ್ಲ ಅಷ್ಟೆ.

ಆರು ದಿನ ಅಮ್ಮ ನಮ್ಮನ್ನು ಕರೆದೊಯ್ದಳು. ನಾವು ಬರೆಯುವಷ್ಟು ಹೊತ್ತು ಶಾಲೆಯ ಹೊರಗಿನ ಮಾವಿನ ಮರದ ಕೆಳಗೆ ಕಾರಿನಲ್ಲೇ ಕೂತಿರುತ್ತಿದ್ದಳು. ಅವಳು ಓದಿದ್ದು ನಾಲ್ಕನೆಯ ಕ್ಲಾಸು. ಕೊನೆಯ ದಿನ ನಾನು ಹೊರಗೆ ಬಂದಾಗ, ನನ್ನ ಹಿಂದಿನ ದಿನದ ಪ್ರಶ್ನೆಪತ್ರಿಕೆಯನ್ನು ಸ್ಟಿಯರಿಂಗಿನ ಮೇಲೆ ಹರಡಿಕೊಂಡು, ಬೆರಳಿಟ್ಟು ಒಂದೊಂದೇ ಸಾಲು ಓದುತ್ತಿದ್ದಳು.

ಮರುದಿನ ಗೌಡರು ಬಂದರು. ಅಮ್ಮ ಬೀಗದ ಕೈ ಮುಂದೆ ಹಿಡಿದಾಗ ಅವರು ತೆಗೆದುಕೊಳ್ಳಲಿಲ್ಲ. "ಸುಳ್ಯದವರೆಗೆ ನೀವೇ ಬಿಡಿ ಅಮ್ಮ. ನಾನು ಪಕ್ಕದಲ್ಲಿ ಕೂತು ನೋಡ್ತೇನೆ" ಎಂದರು. ಅಪ್ಪ ಬರಲಿಲ್ಲ. ಕಾರಿನ ಬೆನ್ನು ಒಮ್ಮೆ ಸವರಿ, ತೋಟದಲ್ಲಿ ಕೆಲಸ ಉಂಟೆಂದು ಹೋದರು. ಆ ಹೊತ್ತಿನಲ್ಲಿ ತೋಟದಲ್ಲಿ ಯಾವ ಕೆಲಸವೂ ಇರಲಿಲ್ಲ. ನಾನು ಹಿಂದಿನ ಸೀಟಿನಲ್ಲಿ ಕೂತೆ.

ಪಂಜ, ಬೆಳ್ಳಾರೆ ದಾಟಿ ಹೋಗುವಾಗ ಅಮ್ಮ ಗೌಡರಿಗೆ ಪಾಠ ಹೇಳುತ್ತಿದ್ದಳು. ತಣ್ಣಗಿರುವಾಗ ಅವಸರ ಮಾಡಬಾರದು. ಎಡದ ಬಾಗಿಲನ್ನು ಸ್ವಲ್ಪ ಎತ್ತಿ ಹಾಕಬೇಕು. ಇಳಿಜಾರಿನಲ್ಲಿ ಒಂದು ಸದ್ದು ಬರುತ್ತದೆ, ಅದಕ್ಕೆ ಹೆದರಬಾರದು. ಗೌಡರು ಪ್ರತಿಯೊಂದಕ್ಕೂ ತಲೆದೂಗಿದರು. ಅವರ ಮನೆಯಂಗಳದಲ್ಲಿ ಅವರ ಹೆಂಡತಿ ಸೀತಮ್ಮ ಕಾಯುತ್ತಿದ್ದರು. ಕಾರು ನಿಂತು, ಬಲಬದಿಯ ಬಾಗಿಲಿನಿಂದ ಒಬ್ಬಳು ಗಿಡ್ಡ ಹೆಂಗಸು ಇಳಿದದ್ದನ್ನು ಕಂಡು ಅವರು ಗಂಡನಿಗೆ ತಮ್ಮ ಮನೆಮಾತಾದ ಅರೆಭಾಷೆಯಲ್ಲಿ ಏನೋ ಹೇಳಿದರು. ಗೌಡರು ನಕ್ಕರು. "ಹೆಂಗಸರು ಬಿಡುದು ಅಂತ ನಾನು ಹೇಳಿದ್ದನ್ನು ಇವಳು ನಂಬಿಲ್ಲ" ಎಂದರು.

ಊಟವಾದ ಮೇಲೆ ಸೀತಮ್ಮ ಅಮ್ಮನ ಹತ್ತಿರ ಬಂದು ಮೆಲ್ಲಗೆ ಕೇಳಿದರು: "ನನಗೆ ಬಂದೀತಾ ಅಕ್ಕ?"

"ನನಗೆ ಬಂದದ್ದು ನಿಮಗೆ ಬಾರದೆ ಉಂಟಾ?" ಎಂದಳು ಅಮ್ಮ. ಬೀಗದ ಕೈಯನ್ನು ಸೀತಮ್ಮನ ಕೈಗೇ ಕೊಟ್ಟಳು. ಆಮೇಲೆ ಕಾರಿನ ಕಡೆ ತಿರುಗಿ ನೋಡದೆ, ಅಂಗಳದ ಮೆಟ್ಟಿಲಿಳಿದು ರಸ್ತೆಗೆ ನಡೆದಳು. ನಾನು ನೋಡಿದೆ. ಕೊಟ್ಟಿಗೆಯಲ್ಲಿ ಅದರದ್ದೇ ಜಾತಿಯ ಇನ್ನೊಂದು ಕಾರು ಧೂಳು ಹಿಡಿದು ನಿಂತಿತ್ತು. ನಮ್ಮದು ಅದರ ಪಕ್ಕದಲ್ಲಿ ಚಿಕ್ಕದಾಗಿ ಕಂಡಿತು.

ಸುಳ್ಯದಿಂದ ಪುತ್ತೂರಿನ ಬಸ್ಸು ಹತ್ತಿದೆವು. ಒಂದು ಏರಿನಲ್ಲಿ ಅಮ್ಮ, "ಈಗ ಗೇರು ಬದಲಿಸ್ಬೇಕಿತ್ತು ಇವನು" ಎಂದು ತನ್ನಷ್ಟಕ್ಕೆ ಅಂದುಕೊಂಡಳು. ಪುತ್ತೂರಿನಲ್ಲಿ ಇಳಿದು ಕಡಬದ ಬಸ್ಸಿಗೆ ಕಾಯುತ್ತ ಕೂತೆವು. ಸ್ವಲ್ಪ ಹೊತ್ತಿಗೆ ಅಮ್ಮ ಎದ್ದು, ರಸ್ತೆ ದಾಟಿ, ಎದುರಿನ ಪೆಟ್ರೋಲ್ ಬಂಕಿನ ಕಡೆ ನಡೆಯತೊಡಗಿದಳು. ಪುತ್ತೂರಿಗೆ ಬಂದಾಗೆಲ್ಲ ಹೊರಡುವ ಮೊದಲು ಅಲ್ಲಿಗೆ ಹೋಗುವುದು ಅವಳ ರೂಢಿ. ಅರ್ಧ ದಾರಿಗೆ ಹೋದ ಮೇಲೆ ಅವಳಿಗೆ ನೆನಪಾಗಿರಬೇಕು, ನಿಂತಳು. ಅಷ್ಟರಲ್ಲಿ ಬಂಕಿನ ಶೀನಪ್ಪ ಅವಳನ್ನು ಕಂಡು, ಕೈ ಒರೆಸಿಕೊಳ್ಳುತ್ತ ಹೊರಗೆ ಬಂದ. ಅವಳ ಹಿಂದೆ, ಆಚೆ ಈಚೆ ನೋಡಿದ.

"ಗಾಡಿ ಎಲ್ಲಿ ಅಮ್ಮ?"

ಅಮ್ಮ ಸೆರಗು ಸರಿಮಾಡಿಕೊಂಡಳು.

"ಸುಳ್ಯದಲ್ಲಿ ಉಂಟು" ಎಂದಳು. ರಸ್ತೆಯ ಕಡೆ ತಿರುಗುತ್ತ, "ಒಳ್ಳೆ ಮನೆ" ಎಂದಳು.